ಬೋರ್ಡ್ ಬದಲಿಸುವ ಮೊದಲು

ನಡೆಯುತ್ತಿರುವ ಅಂಗಡಿಯನ್ನು ಕೊಂಡವರಿಗೆ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ, "ಏನೇನು ಚೇಂಜ್ ಮಾಡ್ತೀರಿ?" ಹೊಸ ಬೋರ್ಡ್, ಹೊಸ ಲೈಟು, ಹೊಸ ಐಟಂ ಅಂತ ಸಲಹೆಗಳೂ ಜೊತೆಗೇ ಬರುತ್ತವೆ. ಕೊಂಡವರಿಗೂ ಸುಮ್ಮನಿರಲು ಮನಸ್ಸು ಬರುವುದಿಲ್ಲ. ಕೈಯಲ್ಲಿದ್ದ ದುಡ್ಡು ಹಾಕಿಯಾಗಿದೆ. ಸಾಲದ ಕಂತು ಮುಂದಿನ ತಿಂಗಳೇ ಶುರು. ಬೇಗ ಏನಾದರೂ ದೊಡ್ಡದು ಮಾಡಿ ತೋರಿಸಬೇಕು ಅನ್ನಿಸುತ್ತದೆ.

ಆ ಆತುರ ನನಗೆ ಅರ್ಥವಾಗುತ್ತದೆ. ಆದರೆ ಕೊಂಡ ವ್ಯಾಪಾರಕ್ಕೆ ಮೊದಲ ವೇಗ ಬರುವುದು ಹೊಸದರಿಂದ ಅಲ್ಲ. ಹೊಸ ಅಂಗಡಿ ಹಾಕುವುದು ನಿಂತ ತೇರನ್ನು ಎಳೆದ ಹಾಗೆ. ಊರಿನವರೆಲ್ಲ ಹಗ್ಗಕ್ಕೆ ಕೈ ಹಾಕಿದರೂ ಮೊದಲ ಅಡಿ ಕಷ್ಟ. ಕೊಂಡ ಅಂಗಡಿ ಆಗಲೇ ಉರುಳುತ್ತಿರುವ ತೇರು. ಅಲ್ಲಿ ಮೊದಲು ನೋಡಬೇಕಾದದ್ದು ಗಾಲಿ ನಿಲ್ಲದಿರುವುದನ್ನು. ಜೋರಾಗಿ ಎಳೆಯುವ ಮಾತು ಆಮೇಲೆ.

ನಾನು ಬಹಳ ವರ್ಷ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದವಳು. ಆಮೇಲೆ ನಾನೂ ನನ್ನ ತಮ್ಮನೂ ಸೇರಿ ತುಮಕೂರಿನಲ್ಲಿ ಒಂದು ರನ್ನಿಂಗ್ ಬೇಕರಿ ವಹಿಸಿಕೊಂಡೆವು. ಎದುರಿಗೆ ಕೌಂಟರ್, ಹಿಂದೆ ಭಟ್ಟಿ, ಜೊತೆಗೆ ಟೀ ಅಂಗಡಿಗಳಿಗೆ ಬನ್ನು ಬ್ರೆಡ್ಡು ಹಾಕುವ ಒಂದು ಲೈನು. ನಮ್ಮ ಕಡೆ ಇಂಥ ಬೇಕರಿಗಳು ಕೈಯಿಂದ ಕೈಗೆ ಹೋಗುವುದು ಹೊಸದಲ್ಲ. ಹಾಸನದ ಕಡೆಯಿಂದ ಬಂದ ಎಷ್ಟೋ ಕುಟುಂಬಗಳು ಬೆಂಗಳೂರಿನಲ್ಲಿ ಬೇಕರಿ ನಡೆಸಿ, ಬೆಳೆಸಿ, ಇನ್ನೊಬ್ಬರಿಗೆ ವಹಿಸಿ, ಮತ್ತೊಂದು ತೆಗೆದುಕೊಂಡಿವೆ. ಆದರೂ ಕೊಂಡ ಮೇಲಿನ ಮೊದಲ ತಿಂಗಳುಗಳ ಬಗ್ಗೆ ಯಾರೂ ಕೂತು ಬರೆದದ್ದು ನಾನು ಓದಿಲ್ಲ. ಅದಕ್ಕೇ ಇದು.

ಮೊದಲ ತಿಂಗಳುಗಳು ಹೇಗಿರುತ್ತವೆ ಅನ್ನುವುದು ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಅರ್ಧ ನಿರ್ಧಾರವಾಗಿರುತ್ತದೆ. ಮಾರುವವರು ಹೇಳುವ ಮೊದಲ ಸಂಖ್ಯೆ ದಿನದ ಕೌಂಟರ್. "ದಿನಕ್ಕೆ ಇಷ್ಟು ವ್ಯಾಪಾರ ಆಗುತ್ತೆ" ಅನ್ನುತ್ತಾರೆ. ಗುಡ್‌ವಿಲ್, ಅಂದರೆ ಅಂಗಡಿಯ ಹೆಸರಿಗೂ ಗಿರಾಕಿಗಳಿಗೂ ಕಟ್ಟುವ ಬೆಲೆ, ನಿಲ್ಲುವುದು ಅದರ ಮೇಲೆ. ಬಾಯಿಮಾತನ್ನು ನಂಬಬೇಕಿಲ್ಲ, ಅನುಮಾನವನ್ನೂ ಪಡಬೇಕಿಲ್ಲ. ಮೈದಾ ಮೂಟೆ ಎಣಿಸಿದರೆ ಸಾಕು. 50 ಕೆಜಿ ಮೂಟೆಯಿಂದ 400 ಗ್ರಾಂ ತೂಕದ ಬ್ರೆಡ್ಡು ಸುಮಾರು 170ರಿಂದ 180 ಬರುತ್ತದೆ. ವಾರಕ್ಕೆ ಎಷ್ಟು ಮೂಟೆ ಇಳಿಯುತ್ತದೆ, ಅದರಲ್ಲಿ ಬ್ರೆಡ್ಡಿಗೆಷ್ಟು, ಬನ್ನಿಗೆಷ್ಟು, ಬಿಸ್ಕತ್ತಿಗೆಷ್ಟು ಅಂತ ಭಟ್ಟಿ ನೋಡಿಕೊಳ್ಳುವ ಮಾಸ್ಟರನ್ನು ಕೇಳಿದರೆ ನಿಜವಾದ ವ್ಯಾಪಾರ ಹತ್ತಿರ ಹತ್ತಿರ ಸಿಕ್ಕಿಬಿಡುತ್ತದೆ. ಯೀಸ್ಟ್ ಬಿಲ್ಲು, ಕರೆಂಟ್ ಬಿಲ್ಲು, ಸಿಲಿಂಡರ್ ಲೆಕ್ಕ, ಇವೂ ಅದೇ ಕಥೆಯನ್ನು ಹೇಳಬೇಕು. ಈಗ ಯುಪಿಐ ಸ್ಟೇಟ್‌ಮೆಂಟ್ ಕೂಡ ಇದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಬೇಕರಿ, ಕಾಂಡಿಮೆಂಟ್ಸ್‌ನವರೆಲ್ಲ ಎಷ್ಟು ಗಾಬರಿಯಾಗಿದ್ದರು ಅಂತ ನೆನಪಿರಬಹುದು. ಕೊಳ್ಳುವವರಿಗೂ ಅದರಲ್ಲಿ ಪಾಠವಿದೆ. ಜಿಎಸ್‌ಟಿ ಕಾನೂನಿನ 85ನೇ ಸೆಕ್ಷನ್ ಪ್ರಕಾರ, ವ್ಯಾಪಾರ ಕೈ ಬದಲಾಗುವ ದಿನದವರೆಗಿನ ತೆರಿಗೆ ಬಾಕಿಗೆ ಮಾರಿದವರೂ ಕೊಂಡವರೂ ಇಬ್ಬರೂ ಹೊಣೆ. ಹಳೆಯ ಬಾಕಿ ಆರನೇ ತಿಂಗಳಲ್ಲಿ ಬಾಗಿಲು ತಟ್ಟಿದರೆ ಎಂಥ ಒಳ್ಳೆಯ ಶುರುವೂ ಅಲ್ಲೇ ಕುಸಿಯುತ್ತದೆ.

ಇನ್ನು ದುಡ್ಡು. ಕೊಳ್ಳುವುದಕ್ಕೇ ಎಲ್ಲ ದುಡ್ಡನ್ನೂ ಖಾಲಿ ಮಾಡಿಕೊಂಡು ಬಂದವರನ್ನು ನಾನು ಲೆಕ್ಕ ಬರೆಯುವಾಗ ತುಂಬಾ ನೋಡಿದ್ದೇನೆ. ಗುಡ್‌ವಿಲ್, ಕಟ್ಟಡದ ಅಡ್ವಾನ್ಸ್, ಸಾಮಾನಿನ ಬೆಲೆ, ಎಲ್ಲ ಕೊಟ್ಟಾದ ಮೇಲೆ ಮೈದಾ ತರಿಸಲು ಕೈಸಾಲ. ಆಗ ಒಳ್ಳೆಯ ಯೋಚನೆಗಳಿದ್ದರೂ ಕೈ ಕಟ್ಟಿಹಾಕಿದಂತಾಗುತ್ತದೆ. ನಾವು ಹಳೆಯ ಯಜಮಾನರ ಜೊತೆ ಮಾತಾಡಿ ಒಂದು ಭಾಗವನ್ನು ಒಂದು ವರ್ಷದ ಕಂತಿನಲ್ಲಿ ಕೊಡುವುದಾಗಿ ಒಪ್ಪಿಸಿದೆವು. ಎರಡು ತಿಂಗಳ ಖರ್ಚಿನ ದುಡ್ಡು ನಮ್ಮ ಹತ್ತಿರವೇ ಉಳಿಯಿತು. ಅದಕ್ಕಿಂತ ದೊಡ್ಡ ಲಾಭ ಬೇರೆ. ಕಂತು ಬಾಕಿ ಇರುವವರೆಗೂ ಅಂಗಡಿ ಚೆನ್ನಾಗಿ ನಡೆಯಲಿ ಅನ್ನುವುದು ಅವರ ಆಸೆಯೂ ಆಗಿತ್ತು. ಫೋನ್ ಮಾಡಿದರೆ ಎತ್ತುತ್ತಿದ್ದರು. ಕರೆದರೆ ಬರುತ್ತಿದ್ದರು.

ಅವರನ್ನು ಮೊದಲ ತಿಂಗಳು ಬೆಳಿಗ್ಗೆ ಹೊತ್ತು ಕೌಂಟರಿನಲ್ಲೇ ಕೂರಿಸಿಕೊಂಡೆವು. ನನ್ನ ತಮ್ಮ ಅವರ ಪಕ್ಕದಲ್ಲಿ ನಿಲ್ಲುತ್ತಿದ್ದ. ಬಂದವರಿಗೆಲ್ಲ ಅವರೇ ಹೇಳುತ್ತಿದ್ದರು, "ಇವನು ನಮ್ಮ ಹುಡುಗನೇ, ಇನ್ಮೇಲೆ ಇವನೇ ನೋಡ್ಕೋತಾನೆ." ಈ ಒಂದು ಮಾತಿಗೆ ಎಷ್ಟು ಬೆಲೆ ಕಟ್ಟಬಹುದು ಹೇಳಿ. ಯಾವ ಮೇಷ್ಟರಿಗೆ ಸಕ್ಕರೆ ಇಲ್ಲದ ರಸ್ಕ್ ಬೇಕು, ಯಾವ ಮನೆಯವರು ಶ್ರಾವಣದಲ್ಲಿ ಮೊಟ್ಟೆ ಇಲ್ಲದ ಕೇಕ್ ಮಾತ್ರ ಒಯ್ಯುತ್ತಾರೆ, ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೂಡದು, ಇದೆಲ್ಲ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವರ ತಲೆಯಲ್ಲಿತ್ತು. ನಾವು ಗುಡ್‌ವಿಲ್ ಅಂತ ದುಡ್ಡು ಕೊಟ್ಟದ್ದು ಇದಕ್ಕೇ ಅಲ್ವಾ? ಅದನ್ನು ಕೇಳಿ ತೆಗೆದುಕೊಳ್ಳದೆ ಬೀಗದ ಕೈ ಮಾತ್ರ ಪಡೆದರೆ ಕೊಂಡದ್ದು ಬರೀ ಓವನ್ನು ಮತ್ತು ಗಾಜಿನ ಬೀರು.

ಬೋರ್ಡನ್ನು ಮುಟ್ಟಲಿಲ್ಲ. ಇದರ ಬಗ್ಗೆ ಮನೆಯಲ್ಲಿ ಬಿಸಿ ಬಿಸಿ ಚರ್ಚೆಯೇ ಆಯಿತು. ಹೊಸ ಹೆಸರು ಇಡಬೇಕು, ದೇವರ ಹೆಸರಾದರೂ ಇರಲಿ ಅಂತ ಅಮ್ಮನ ಆಸೆ. ನಾನು ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಉದಾಹರಣೆ ಕೊಟ್ಟೆ. 1943ರಲ್ಲಿ ವೆಂಕಟರಮಣ ಉರಾಳರು ಶುರು ಮಾಡಿದ ಹೋಟೆಲು ಅದು. 1970ರಲ್ಲಿ ರಾಮಕೃಷ್ಣ ಅಡಿಗರು ಅದನ್ನು ಕೊಂಡರು. ಹೆಸರು ಅದೇ ಉಳಿಯಿತು. ಜನ ಹುಡುಕಿಕೊಂಡು ಬರುವ ಮಸಾಲೆದೋಸೆಯೂ ಉಳಿಯಿತು. ಇವತ್ತು ಭಾನುವಾರ ಬೆಳಿಗ್ಗೆ ಅದರ ಬಾಗಿಲಲ್ಲಿ ಕಾಯುವ ಎಷ್ಟು ಜನಕ್ಕೆ ಹೋಟೆಲು ನಡುವೆ ಒಮ್ಮೆ ಕೈ ಬದಲಾಗಿದೆ ಅಂತ ಗೊತ್ತಿರುತ್ತದೆ? ನಾರ್ವೆಯ ಓರ್ಕ್ಲಾ ಕಂಪನಿ 2007ರಲ್ಲಿ ಎಂಟಿಆರ್ ಫುಡ್ಸ್ ಕೊಂಡಾಗಲೂ ಪುಳಿಯೋಗರೆ ಪುಡಿಯ ಪೊಟ್ಟಣದ ಮೇಲೆ ಎಂಟಿಆರ್ ಅಂತಲೇ ಇತ್ತು. ಜನರ ಅಭ್ಯಾಸ ಅನ್ನುವುದು ಕೊಂಡವರ ಕೈಗೆ ಸಿಗುವ ಎಲ್ಲಕ್ಕಿಂತ ದುಬಾರಿ ಆಸ್ತಿ. ಅದಕ್ಕೆ ರಸೀದಿ ಇರುವುದಿಲ್ಲ, ಅಷ್ಟೇ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾರಾಟದ ಜೊತೆ ಕೈ ಬದಲಾಗುವುದಿಲ್ಲ, ಹೊಸದಾಗಿ ಮಾಡಿಸಬೇಕು. ಮಾಲೀಕರ ಪ್ಯಾನ್ ಬದಲಾದರೆ ಜಿಎಸ್‌ಟಿ ನಂಬರೂ ಹೊಸದು. ಟ್ರೇಡ್ ಲೈಸೆನ್ಸ್, ಬಾಡಿಗೆ ಕರಾರು, ಕರೆಂಟ್ ಮೀಟರಿನ ಹೆಸರು, ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಕೌಂಟರಿನ ಮೇಲಿನ ಕ್ಯೂಆರ್ ಕೋಡ್ ಮರೆಯಬೇಡಿ. ಅದನ್ನು ಬದಲಿಸದಿದ್ದರೆ ಮೊದಲ ದಿನದ ದುಡ್ಡೆಲ್ಲ ಹಳೆಯ ಮಾಲೀಕರ ಖಾತೆಗೆ ಹೋಗುತ್ತದೆ. ಇದರಲ್ಲಿ ಯಾವುದಕ್ಕೂ ಒಂದು ದಿನವೂ ಬಾಗಿಲು ಹಾಕುವ ಹಾಗಾಗಬಾರದು. ಬೇಕರಿ ಒಂದು ದಿನ ಮುಚ್ಚಿದರೆ ಟೀ ಅಂಗಡಿಯವರು ಆ ದಿನದ ಬನ್ನಿಗೆ ಇನ್ನೊಬ್ಬರನ್ನು ಹುಡುಕುತ್ತಾರೆ. ಮರುದಿನ ವಾಪಸ್ ಬರಬೇಕು ಅಂತ ಏನಿಲ್ಲ.

ನನಗೆ ಹೆಚ್ಚು ಹೇಳಬೇಕಿರುವುದು ಒಳಗಿನವರ ಬಗ್ಗೆ.

ಅಂಗಡಿ ಮಾರಾಟವಾಗುತ್ತದೆ ಅಂತ ಗೊತ್ತಾದ ದಿನದಿಂದ ಅಲ್ಲಿ ಕೆಲಸ ಮಾಡುವವರು ನಿದ್ದೆಗೆಡುತ್ತಾರೆ. ಹೊಸಬರು ತಮ್ಮವರನ್ನು ಕರೆತರುತ್ತಾರಾ, ಸಂಬಳ ಕಡಿಮೆ ಮಾಡುತ್ತಾರಾ, ಹಿಂದಿನ ವರ್ಷಗಳ ದುಡಿಮೆಗೆ ಲೆಕ್ಕ ಇದೆಯಾ? ನಮ್ಮ ಬೇಕರಿಯ ಮಾಸ್ಟರು ಆ ಭಟ್ಟಿಯ ಮುಂದೆ ಇಪ್ಪತ್ತು ವರ್ಷದ ಹತ್ತಿರ ನಿಂತವರು. ಅವರು ಬಿಟ್ಟು ಹೋದರೆ ಬ್ರೆಡ್ಡಿನ ರುಚಿಯೂ ಹೋಗುತ್ತದೆ, ಹಿಂದೆಯೇ ಗಿರಾಕಿಯೂ. ಆದ್ದರಿಂದ ಮೊದಲ ಗೆಲುವು ಅವರ ಕಣ್ಣಿಗೆ ಕಾಣಬೇಕು ಅಂತ ನಾವು ತೀರ್ಮಾನಿಸಿದ್ದೆವು. ಗಿರಾಕಿಯ ಕಣ್ಣಿಗೆ ಆಮೇಲೆ.

ಮೊದಲು ಸಂಬಳ. ಮುಂಚೆ ತಿಂಗಳ ಮಧ್ಯದಲ್ಲಿ, ಸ್ವಲ್ಪ ಸ್ವಲ್ಪವಾಗಿ ಸಿಗುತ್ತಿತ್ತು. ಅದನ್ನು ಒಂದನೇ ತಾರೀಕಿಗೆ ತಂದೆವು, ಪೂರ್ತಿ ಒಟ್ಟಿಗೆ. ಹಳೆಯ ಸರ್ವಿಸ್ ಮುಂದುವರಿಯುತ್ತದೆ ಅಂತ ಅಗ್ರಿಮೆಂಟಿನಲ್ಲಿ ಬರೆಸಿ, ಅದನ್ನು ಅವರಿಗೇ ಓದಿ ಹೇಳಿದೆವು. ಆಮೇಲೆ ನನ್ನ ತಮ್ಮ ಮಾಸ್ಟರನ್ನು ಕೇಳಿದ, "ಅಣ್ಣಾ, ಇಲ್ಲಿ ನಿಮಗೆ ದಿನಾ ತಲೆನೋವು ಕೊಡೋದು ಯಾವುದು?" ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಹಿಟ್ಟು ಕಲಸುವ ಮಿಷನ್ನಿನ ಬೆಲ್ಟು ಜಾರುತ್ತಿತ್ತು. ಹಾಗಾಗಿ ಕೊನೆಯ ಹದವನ್ನು ಕೈಯಲ್ಲೇ ಮಾಡಬೇಕಿತ್ತು. ಭುಜ ನೋವು ಬೇರೆ. ಮೋಟಾರು ಬೆಲ್ಟು ಎರಡೂ ಆ ವಾರವೇ ರಿಪೇರಿಯಾದವು. ಖರ್ಚು ಒಂದು ಹೊಸ ಬೋರ್ಡಿಗಿಂತ ಕಡಿಮೆ.

ಮೈದಾ ಮಂಡಿಯ ವಿಷಯದಲ್ಲೂ ಹೀಗೆಯೇ. ಹಳೆಯ ಯಜಮಾನರು ಅಲ್ಲಿ ಸ್ವಲ್ಪ ಬಾಕಿ ಇಟ್ಟಿದ್ದರು. ಕೊಳ್ಳುವ ಬೆಲೆಯಲ್ಲಿ ಆ ಮೊತ್ತವನ್ನು ಕಳೆದು, ನಾವೇ ಹೋಗಿ ಕಟ್ಟುತ್ತೇವೆ ಅಂತ ಅವರನ್ನು ಒಪ್ಪಿಸಿದ್ದೆವು. ಮಂಡಿಯವರು ನಮ್ಮ ಮುಖ ಮೊದಲ ಸಲ ನೋಡಿದ್ದು ಬಾಕಿ ತೀರಿಸುವಾಗ. ಅದಾದ ಮೇಲೆ ಹದಿನೈದು ದಿನದ ಉದ್ರಿ ಕೇಳುವುದಕ್ಕೆ ನಾಚಿಕೆಯಾಗಲಿಲ್ಲ, ಅವರೂ ಬೇಡ ಅನ್ನಲಿಲ್ಲ.

ಇಷ್ಟರಲ್ಲಿ ವ್ಯಾಪಾರ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ. ಹೊರಗಿನಿಂದ ನೋಡಿದವರು "ಇವರು ಏನೂ ಮಾಡ್ತಾ ಇಲ್ಲ" ಅಂದುಕೊಂಡಿರಬಹುದು. ಆದರೆ ಮುಂದಿನ ಹೆಜ್ಜೆ ಸಾಧ್ಯವಾದದ್ದು ಇದರಿಂದಲೇ.

ನನ್ನ ತಮ್ಮ ಲೈನಿನ ಆಟೋದಲ್ಲಿ ಕೂತು ಟೀ ಅಂಗಡಿಗಳಿಗೆಲ್ಲ ಹೋಗಿ ಬರುತ್ತಿದ್ದ. ಕುಣಿಗಲ್ ರಸ್ತೆಯ ಕಡೆ, ಗುಬ್ಬಿ ರಸ್ತೆಯ ಕಡೆ. ಮಾರಲಿಕ್ಕೆ ಅಲ್ಲ, ಸುಮ್ನೆ ಕೇಳಲಿಕ್ಕೆ. ಎಲ್ಲರೂ ಒಂದೇ ಮಾತು ಹೇಳಿದರು. ನಿಮ್ಮ ಬನ್ನು ಚೆನ್ನಾಗಿದೆ, ಆದರೆ ಬರುವುದು ಎಂಟಕ್ಕೆ. ನಮಗೆ ವ್ಯಾಪಾರ ಶುರುವಾಗುವುದು ಆರಕ್ಕೆ. ಕೆಲಸಕ್ಕೆ ಹೋಗುವವರು, ಬಸ್ಸಿನವರು, ಹಾಲು ಹಾಕುವವರು ಎಲ್ಲ ಅಷ್ಟೊತ್ತಿಗೇ ಬರುತ್ತಾರೆ. ಅವರಿಗೆ ನಾವು ಬೇರೆಯವರ ಬನ್ನು ಕೊಡುತ್ತೇವೆ.

ಅಂದರೆ ನಮಗೆ ಹೊಸ ಐಟಂ ಬೇಕಿರಲಿಲ್ಲ. ಇದ್ದ ಬನ್ನು ಎರಡು ಗಂಟೆ ಮುಂಚೆ ತಲುಪಬೇಕಿತ್ತು. ಕೇಳಲು ಸುಲಭ. ಮಾಡಬೇಕಾದರೆ ಹಿಟ್ಟು ಕಲಸುವ ಹೊತ್ತು ಬದಲಾಗಬೇಕು, ಭಟ್ಟಿ ಬೇಗ ಹೊತ್ತಬೇಕು, ಮಾಸ್ಟರೂ ಹುಡುಗರೂ ನಡುರಾತ್ರಿ ಏಳಬೇಕು. ಇದನ್ನು ಮೊದಲ ವಾರವೇ ಹೇಳಿದ್ದರೆ ಖಂಡಿತ ನಡೆಯುತ್ತಿರಲಿಲ್ಲ. ಹೊಸ ಯಜಮಾನರು ಬಂದ ಕೂಡಲೇ ನಿದ್ದೆ ಕಿತ್ತುಕೊಂಡರು ಅಂತ ಆಗುತ್ತಿತ್ತು. ಈಗ ಮಾಸ್ಟರೇ ದಾರಿ ಹೇಳಿದರು. "ಅಕ್ಕಾ, ಬನ್ನಿನ ಹಿಟ್ಟು ಮೊದಲು ತೆಗೀತೀನಿ, ಬ್ರೆಡ್ಡು ಆಮೇಲೆ ಹಾಕೋಣ. ಹುಡುಗರಿಗೆ ಮಧ್ಯಾಹ್ನ ಬೇಗ ಬಿಟ್ಟುಬಿಡಿ." ಮಿಷನ್ನು ಸರಿಯಿದ್ದದ್ದರಿಂದ ಕಲಸುವ ಹೊತ್ತೂ ಉಳಿಯಿತು. ಕೆಲವು ದಿನಗಳಲ್ಲಿ ಆರಕ್ಕೆ ಬನ್ನು ತಲುಪಲು ಶುರುವಾಯಿತು. ಟೀ ಅಂಗಡಿಯವರು ಬನ್ನಿನ ಜೊತೆ ಖಾರಾ ಬ್ರೆಡ್ಡೂ ಬಿಸ್ಕತ್ತೂ ಕೇಳತೊಡಗಿದರು. ಬೇರೆ ರಸ್ತೆಯವರು ಅವರಿಂದ ಕೇಳಿ ಫೋನ್ ಮಾಡಿದರು. ಲೈನಿನ ದುಡ್ಡು ದಿನಾ ಕೈಗೆ ಬರುವಂಥದ್ದು. ಹಳೆಯ ಯಜಮಾನರ ಕಂತು ಅದರಿಂದಲೇ ಹೋಗತೊಡಗಿತು.

ಇದನ್ನೇ ನಾನು ಮೊದಲ ವೇಗ ಅನ್ನುವುದು. ಒಂದು ಸಣ್ಣ ಕೆಲಸ ಮುಂದಿನದಕ್ಕೆ ಒಪ್ಪಿಗೆ ತಂದುಕೊಡುತ್ತದೆ. ಸಂಬಳ ಸರಿಯಾಗಿ ಬಂದದ್ದಕ್ಕೆ ಮಾಸ್ಟರು ಮನಸ್ಸು ಬಿಚ್ಚಿದರು. ಮನಸ್ಸು ಬಿಚ್ಚಿದ್ದಕ್ಕೆ ಮಿಷನ್ನಿನ ವಿಷಯ ಗೊತ್ತಾಯಿತು. ಮಿಷನ್ನು ಸರಿಯಾದದ್ದಕ್ಕೆ ಹೊತ್ತು ಬದಲಿಸಲು ಆಯಿತು. ಈ ಸರಪಳಿಯ ನಡುವಿನ ಒಂದು ಕೊಂಡಿ ಬಿಟ್ಟು ಕೊನೆಗೆ ಹಾರಲು ಆಗುವುದಿಲ್ಲ.

ದೊಡ್ಡ ಕಂಪನಿಗಳಿಗೂ ಇದು ಬೇರೆಯಲ್ಲ. ರಾಯಲ್ ಎನ್‌ಫೀಲ್ಡ್ ಕಥೆ ನನಗೆ ತುಂಬಾ ಇಷ್ಟ. ಟ್ರಕ್ ಮಾಡುವ ಐಷರ್‌ನವರು 1990ರ ದಶಕದಲ್ಲಿ ಮದ್ರಾಸಿನ ಆ ಕಂಪನಿಯನ್ನು ಕೊಂಡರು. 2000ದ ಹೊತ್ತಿಗೆ ಅದು ಮುಚ್ಚುವ ಸ್ಥಿತಿಗೆ ಬಂದಿತ್ತು. ತಿಂಗಳಿಗೆ 6000 ಬೈಕ್ ಮಾಡುವ ಸಾಮರ್ಥ್ಯ, ಮಾರಾಟವಾಗುತ್ತಿದ್ದದ್ದು ಸುಮಾರು 2000 ಬೈಕ್. ಐಷರ್ ಮಾಲೀಕರ ಮಗ, 26 ವರ್ಷದ ಸಿದ್ಧಾರ್ಥ ಲಾಲ್ ಅದರ ಹೊಣೆ ವಹಿಸಿಕೊಂಡರು. ಜೈಪುರದಲ್ಲಿ ಆಗಷ್ಟೇ ಶುರುವಾಗಿದ್ದ ಕಾರ್ಖಾನೆಯನ್ನು ಮುಚ್ಚಿದರು. ಬುಲೆಟ್ಟಿನ ರೂಪವನ್ನು ಕೆಡಿಸಲಿಲ್ಲ. ಆಯಿಲ್ ಸೋರುವುದು, ಎಂಜಿನ್ ಕೈಕೊಡುವುದು, ವೈರಿಂಗ್ ತೊಂದರೆ, ಬುಲೆಟ್ ಇಟ್ಟುಕೊಂಡವರೆಲ್ಲ ಮೆಕ್ಯಾನಿಕ್ ಮುಂದೆ ದಿನಾ ಹೇಳಿಕೊಳ್ಳುತ್ತಿದ್ದ ಇಂಥ ದೂರುಗಳನ್ನು ಸರಿಪಡಿಸುವುದಕ್ಕೆ ವರ್ಷಗಳನ್ನೇ ಕೊಟ್ಟರು. ಬಲಗಾಲಿನ ಗೇರನ್ನು ಎಡಗಾಲಿಗೆ ತಂದಾಗ ಹಳೆಯ ಅಭಿಮಾನಿಗಳಿಗೆ ಸಿಟ್ಟೂ ಬಂತು. ಹೊಸ ಎಂಜಿನ್ನಿನ ಕ್ಲಾಸಿಕ್ ಬಂದದ್ದು 2009ರ ಕೊನೆಗೆ. 2014ರಲ್ಲಿ ಒಂದೇ ವರ್ಷಕ್ಕೆ 3 ಲಕ್ಷಕ್ಕೂ ಜಾಸ್ತಿ ಬೈಕ್ ಮಾರಾಟವಾದವು.

ಜನ ನೆನಪಿಟ್ಟುಕೊಳ್ಳುವುದು ಆ 3 ಲಕ್ಷವನ್ನು. ನನ್ನ ಗಮನ ಹೋಗುವುದು ಕ್ಲಾಸಿಕ್ ಬರುವ ಮುಂಚಿನ ಒಂಬತ್ತು ವರ್ಷಗಳ ಕಡೆ. ಜೊತೆಗೆ ಇನ್ನೊಂದು ವಿಷಯ. ಐಷರ್ ಗುಂಪಿನಲ್ಲಿದ್ದ ಹದಿನೈದು ವ್ಯಾಪಾರಗಳಲ್ಲಿ ಹದಿಮೂರನ್ನು ಕೈಬಿಟ್ಟು ಟ್ರಕ್ ಮತ್ತು ಬೈಕ್ ಎರಡನ್ನೇ ಉಳಿಸಿಕೊಂಡರು ಲಾಲ್. ಬೆಳೆಯಬೇಕಾದವರು ಇದ್ದದ್ದನ್ನು ಬಿಡುವುದು ಸುಲಭದ ಮಾತಲ್ಲ. ನಮ್ಮ ಪುಟ್ಟ ಬೇಕರಿಯಲ್ಲೂ ಬೀರು ತುಂಬಿಸಲಿಕ್ಕೆಂದು ಮಾಡುತ್ತಿದ್ದ, ಮೂರನೇ ದಿನಕ್ಕೆ ಬಿಸಾಡುತ್ತಿದ್ದ ಕೆಲವು ಐಟಂಗಳನ್ನು ನಿಲ್ಲಿಸಿದೆವು. ದಿಲ್‌ಪಸಂದ್ ಉಳಿಯಿತು, ಕಾಂಗ್ರೆಸ್ ಕಡ್ಲೆಕಾಯಿ ಉಳಿಯಿತು, ಬೆಣ್ಣೆ ಬಿಸ್ಕತ್ತು ಉಳಿಯಿತು. ಬಣ್ಣ ಬಣ್ಣದ ಕ್ರೀಮ್ ಪೇಸ್ಟ್ರಿ ಹೋಯಿತು. ಅದನ್ನು ಕೇಳಿಕೊಂಡು ಬಂದವರು ತೀರಾ ಕಡಿಮೆ.

ವ್ಯಾಪಾರ ಏರಲು ಶುರುವಾದ ಮೇಲೆ ಇನ್ನೊಂದು ಎಚ್ಚರ ಬೇಕು. ಏರಿದ್ದೆಲ್ಲ ನಮ್ಮ ದುಡಿಮೆಯದಲ್ಲ. ಡಿಸೆಂಬರ್ ಕೊನೆಗೆ ಕೇಕ್ ಎಲ್ಲ ಬೇಕರಿಯಲ್ಲೂ ಹೋಗುತ್ತದೆ. ಜೂನ್‌ನಲ್ಲಿ ಸ್ಕೂಲು ಶುರುವಾದರೆ ಪಫ್ಸ್ ಎಲ್ಲರಿಗೂ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ಕೇಕ್, ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದದ್ದೂ ಎಲ್ಲರಿಗೂ ಸಿಕ್ಕ ಅನುಕೂಲ. ಅದಕ್ಕೇ ನಾನು ಹೋದ ತಿಂಗಳ ಜೊತೆ ಹೋಲಿಸುವುದಿಲ್ಲ. ಹಳೆಯ ಯಜಮಾನರ ಮೈದಾ ಪುಸ್ತಕ ತೆಗೆದು, ಹೋದ ವರ್ಷದ ಇದೇ ತಿಂಗಳ ಮೂಟೆಗಳ ಜೊತೆ ಹೋಲಿಸುತ್ತೇನೆ. ರೂಪಾಯಿ ಸುಳ್ಳು ಹೇಳಬಹುದು, ಬೆಲೆ ಏರಿದರೂ ವ್ಯಾಪಾರ ಏರಿದ ಹಾಗೆ ಕಾಣುತ್ತದೆ. ಮೂಟೆ ಹಾಗಲ್ಲ.

ಹೀಗೆ ಬರೆದರೆ ಯಾವಾಗಲೂ ನಿಧಾನವೇ ಸರಿ ಅನ್ನುವ ಅರ್ಥ ಬರಬಹುದು. ಹಾಗಲ್ಲ. ನಷ್ಟದಲ್ಲಿರುವ ಅಂಗಡಿ ಕೊಂಡವರಿಗೆ ಕಾಯಲು ಹೊತ್ತಿರುವುದಿಲ್ಲ. ಸೋರುವ ದುಡ್ಡನ್ನು ಮೊದಲ ದಿನವೇ ನಿಲ್ಲಿಸಬೇಕು, ಅದು ಯಾರಿಗಾದರೂ ಬೇಸರ ತಂದರೂ ಸರಿ. ಶುಚಿಯ ವಿಷಯದಲ್ಲೂ ಕಾಯಬಾರದು. ನಾವು ಹಳೆಯ ಟ್ರೇಗಳನ್ನೂ ತುಕ್ಕು ಹಿಡಿದ ಬ್ರೆಡ್ ಅಚ್ಚುಗಳನ್ನೂ ಯಾರನ್ನೂ ಕೇಳದೆ ಬದಲಿಸಿದೆವು. ಆದರೆ ಚೆನ್ನಾಗಿ ನಡೆಯುತ್ತಿರುವುದನ್ನು ಕೊಂಡು, ತಾನು ಬಂದೆ ಅಂತ ತೋರಿಸಲಿಕ್ಕಾಗಿ ಅದನ್ನು ಅಲ್ಲಾಡಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ದುಡಿಯುವ ಏಳೆಂಟು ಮನೆಗಳ ಊಟ ಅದರ ಮೇಲೆ ನಿಂತಿರುತ್ತದೆ. ಕೊಂಡವರ ಕನಸು ಎಷ್ಟು ದೊಡ್ಡದಿದ್ದರೂ ಅವರ ಒಂದನೇ ತಾರೀಕು ಅದಕ್ಕಿಂತ ಚಿಕ್ಕದಲ್ಲ.

ಈಗ ಗುಬ್ಬಿಯಲ್ಲಿ ಇನ್ನೊಂದು ಬೇಕರಿ ಮಾರಾಟಕ್ಕಿದೆ ಅಂತ ಸುದ್ದಿ ಬಂದಿದೆ. ತಮ್ಮನಿಗೆ ತುಂಬಾ ಉತ್ಸಾಹ. ಜಾಗ ಚೆನ್ನಾಗಿದೆ, ಬಸ್ ನಿಲ್ದಾಣ ಹತ್ತಿರ, ಬಾಡಿಗೆಯೂ ಪರವಾಗಿಲ್ಲ. ಬೇಡ ಅಂತ ನಾನು ಹೇಳಿಲ್ಲ. ಆದರೆ ನಮ್ಮ ಲೈನಿನ ಲೆಕ್ಕ ಇನ್ನೂ ಅವನ ಜೇಬಿನ ಚೀಟಿಗಳಲ್ಲೇ ಇದೆ. ಅವನಿಗೆ ಜ್ವರ ಬಂದರೆ ಯಾವ ಅಂಗಡಿಗೆ ಎಷ್ಟು ಬನ್ನು, ಯಾರದ್ದು ಎಷ್ಟು ಬಾಕಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆಟೋ ಓಡಿಸುವ ಹುಡುಗ ಚುರುಕಿನವನು, ಲೆಕ್ಕದಲ್ಲೂ ಆಸಕ್ತಿ ಇದೆ. ಅವನಿಗೆ ಸಂಬಳ ಸ್ವಲ್ಪ ಏರಿಸಿ, ಪುಸ್ತಕ ಅವನ ಕೈಗೆ ಕೊಡು ಅಂದಿದ್ದೇನೆ. ಒಂದು ವಾರ ನನ್ನ ತಮ್ಮ ಆಟೋ ಹತ್ತದೆ ಲೈನು ಸರಿಯಾಗಿ ನಡೆದರೆ, ಅದರ ಮುಂದಿನ ಸೋಮವಾರ ಇಬ್ಬರೂ ಗುಬ್ಬಿಗೆ ಹೋಗಿ ಅಲ್ಲಿನ ಮೈದಾ ಮೂಟೆ ಎಣಿಸಿಕೊಂಡು ಬರುತ್ತೇವೆ.